ಗಿರವಿ ಇಟ್ಟ ಹೆಸರು

ನಮ್ಮವ್ವನಿಗೆ ಎರಡು ಹೆಸರು. ಒಂದು ತವರಿನದು, ಇನ್ನೊಂದು ಗಂಡನ ಮನೆಯದು. ನಮ್ಮ ಕಡೆ ಇದೇನು ದೊಡ್ಡ ಸುದ್ದಿಯಲ್ಲ. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವುತ್ತಾರೆ, ಅದರ ಮೇಲೆ ಮದುಮಗ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ, ಬಂದವರೆಲ್ಲ ಓದಿ ನಗುತ್ತಾರೆ. ಅಲ್ಲಿಂದ ಮುಂದೆ ಆ ಹೆಣ್ಣು ಗಂಡನ ಮನೆಯಲ್ಲಿ ಹೊಸ ಹೆಸರಿನವಳು, ತವರಿಗೆ ಹೋದಾಗ ಮತ್ತೆ ಹಳೆಯ ಹೆಸರಿನವಳು. ಚಿಕ್ಕವಳಿದ್ದಾಗ ನಾನು ಎಲ್ಲರ ತಾಯಂದಿರಿಗೂ ಎರಡೆರಡು ಹೆಸರು ಇದ್ದೇ ಇರುತ್ತವೆ ಎಂದುಕೊಂಡಿದ್ದೆ. ಈ ಎರಡು ಹೆಸರುಗಳ ನಡುವೆ ಸಿಕ್ಕಿಕೊಂಡು ನನ್ನ ಓದೇ ನಿಂತುಹೋಗುವ ಹೊತ್ತು ಬಂದಾಗ ಮಾತ್ರ ನನಗೆ ಮೈಯೆಲ್ಲ ಉರಿಯಿತು.

ನಮ್ಮೂರು ತೆಲಂಗಾಣದ ಗಡಿಯಲ್ಲಿ, ಕಂಗ್ಟಿಯ ಹತ್ತಿರ. ಅಪ್ಪ ನಾರಾಯಣಖೇಡದ ಮಾರ್ಕೆಟ್ಟಿನಲ್ಲಿ ತೊಗರಿ, ಕಡಲೆಯ ಚೀಲ ಹೊರುವ ಹಮಾಲ. ಅವ್ವ ಊರಿನ ಅಂಗನವಾಡಿಯಲ್ಲಿ ಆಯಾ. ಮಕ್ಕಳಿಗೆ ಅನ್ನ ಮಾಡಿ ಬಡಿಸುವುದು, ಮೂಗು ಒರೆಸುವುದು, ಅಳುವವರನ್ನು ಸುಮ್ಮನಾಗಿಸುವುದು ಅವಳ ಕೆಲಸ. ನಾನು ಇಂಟರ್, ಅಂದರೆ ಹನ್ನೆರಡನೆಯ ತರಗತಿ ಮುಗಿಸಿದ ವರ್ಷ ಜಹೀರಾಬಾದಿನ ಒಂದು ನರ್ಸಿಂಗ್ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿತು. ಆ ಸೀಟಿಗೆ ಸರ್ಕಾರದ ಫೀಜು ವಾಪಸಾತಿ ಬರುತ್ತಿರಲಿಲ್ಲ. ಆದರೆ ಸರ್ಕಾರದ ವಿದ್ಯಾಸಾಲ ಇದೆ, ಮನೆ ಹೊಲ ಏನೂ ಅಡವಿಡಬೇಕಾಗಿಲ್ಲ, ಬಡವರಾದರೆ ಓದು ಮುಗಿಯುವವರೆಗಿನ ಬಡ್ಡಿಯನ್ನೂ ಸರ್ಕಾರವೇ ಕಟ್ಟುತ್ತದೆ ಎಂದು ಕಾಲೇಜಿನ ಮೇಡಂ ಹೇಳಿದರು. ಕ್ಲಾಸು ಶುರುವಾಗುವ ಮೊದಲು ಬ್ಯಾಂಕಿನಿಂದ ಮಂಜೂರಿ ಪತ್ರ ತಂದು ತೋರಿಸಬೇಕು, ಇಲ್ಲದಿದ್ದರೆ ಸೀಟು ನನ್ನ ಹಿಂದೆ ಕಾಯುತ್ತಿದ್ದವಳಿಗೆ. ಆ ಹುಡುಗಿಯನ್ನು ನಾನು ನೋಡಿರಲಿಲ್ಲ. ನೋಡದೆಯೇ ಅವಳ ಮೇಲೆ ನನಗೆ ಸಿಟ್ಟಿತ್ತು.

ನೆಟ್ ಸೆಂಟರಿನಲ್ಲಿ ಅರ್ಜಿ ತುಂಬಿಸಿಕೊಂಡು ನಾರಾಯಣಖೇಡದ ಬ್ಯಾಂಕಿಗೆ ಹೋದೆವು. ಸಾಲಕ್ಕೆ ನನ್ನ ಜೊತೆ ತಂದೆ ಅಥವಾ ತಾಯಿ ಸಹಿ ಹಾಕಬೇಕು. ಅಪ್ಪನ ಹೆಸರು ಮೊದಲ ಗಳಿಗೆಯಲ್ಲೇ ಬಿದ್ದುಹೋಯಿತು. ನಮ್ಮ ಕಾಕಾ ಟ್ರ್ಯಾಕ್ಟರ್ ತೆಗೆದುಕೊಂಡಾಗ ಅಪ್ಪ ಜಾಮೀನು ನಿಂತಿದ್ದ. ಕಾಕಾ ಟ್ರ್ಯಾಕ್ಟರನ್ನು ಚೆನ್ನಾಗಿ ಓಡಿಸಿದ, ಕಂತನ್ನು ಮಾತ್ರ ಕಟ್ಟಲಿಲ್ಲ. ಇಲೆಕ್ಷನ್ ಬರುತ್ತದೆ, ಮಾಫ್ ಆಗುತ್ತದೆ ಎಂದು ಕಾದ. ರೈತರ ಬೆಳೆಸಾಲಕ್ಕೂ ಟ್ರ್ಯಾಕ್ಟರಿಗೂ ವ್ಯತ್ಯಾಸವಿದೆ ಎಂದು ಅವನಿಗೆ ಹೇಳುವವರು ಯಾರು? ಹೀಗಾಗಿ ಮ್ಯಾನೇಜರು ಕಂಪ್ಯೂಟರ್ ನೋಡಿ, ತಾಯಿಯನ್ನು ಕರೆದುಕೊಂಡು ಬನ್ನಿ ಎಂದರು. ಅಂಗನವಾಡಿಯ ಸಂಬಳ ಬ್ಯಾಂಕಿಗೇ ಬರುತ್ತದೆ, ಆಕೆಯಾದರೆ ಇನ್ನೂ ಒಳ್ಳೆಯದು ಎಂದೂ ಹೇಳಿದರು. ಅಪ್ಪ ಹೊರಗೆ ಬಂದು ಬೀಡಿ ಹಚ್ಚಿ, "ನಿಮ್ಮ ಕಾಕಾಗ ನಾ ಇವತ್ತ ಬಿಡಲ್ಲ" ಎಂದ. ಅವತ್ತೂ ಬಿಟ್ಟ, ಆಮೇಲೂ ಬಿಟ್ಟ. ತಮ್ಮನ ಎದುರು ಅಪ್ಪನಿಗೆ ಬಾಯಿಯೇ ಬರುವುದಿಲ್ಲ.

ಮರುದಿನ ಅವ್ವ ಅಂಗನವಾಡಿಗೆ ರಜೆ ಹಾಕಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಳು. ಮ್ಯಾನೇಜರು ಕೋಸ್ತಾ, ಅಂದರೆ ಆಂಧ್ರದ ಕರಾವಳಿ ಕಡೆಯವರು, ವಯಸ್ಸು ಚಿಕ್ಕದು, ಮಾತು ಮೆತ್ತಗೆ. ಅವರು ಆಡುತ್ತಿದ್ದುದು ತೆಲುಗು. ಅವ್ವನ ಆಧಾರ್ ನೋಡಿದರು, ನನ್ನ ಹತ್ತನೆಯ ತರಗತಿಯ ಅಂಕಪಟ್ಟಿ, ಅಂದರೆ ಮೆಮೊ ನೋಡಿದರು, ಮತ್ತೆ ಆಧಾರ್ ನೋಡಿದರು.

"ಇಲ್ಲಿ ತಾಯಿಯ ಹೆಸರು ಬೇರೆ ಇದೆಯಲ್ಲಮ್ಮಾ. ಈಕೆ ನಿನಗೆ ಏನಾಗಬೇಕು?" ಎಂದು ಕೇಳಿದರು.

ಏನಾಗಬೇಕು ಅಂದರೆ? ಪಕ್ಕದಲ್ಲಿ ಕೂತವಳು, ನನ್ನದೇ ಮೂಗು, ನನ್ನದೇ ಹಣೆ. "ನಮ್ಮವ್ವ" ಎಂದೆ, ಸ್ವಲ್ಪ ಗಟ್ಟಿಯಾಗಿಯೇ. ಅವರು ಮೆಮೊವನ್ನು ನನ್ನ ಕಡೆ ತಿರುಗಿಸಿದರು. ಅಲ್ಲಿ ತಾಯಿಯ ಹೆಸರೆಂದು ಇದ್ದುದು ಅವ್ವನ ತವರಿನ ಹೆಸರು. ಆಧಾರಿನಲ್ಲಿ, ಪಾಸ್‌ಬುಕ್ಕಿನಲ್ಲಿ, ಕೆಲಸದ ಆರ್ಡರಿನಲ್ಲಿ ಇದ್ದುದು ಗಂಡನ ಮನೆಯ ಹೆಸರು. ಕಾಗದದ ಮಟ್ಟಿಗೆ ನನ್ನನ್ನು ಹೆತ್ತವಳು ಒಬ್ಬಳು, ನನ್ನ ಪಕ್ಕದಲ್ಲಿ ಕೂತವಳು ಇನ್ನೊಬ್ಬಳು.

ಇದು ಹೇಗಾಯಿತು ಎಂದು ಹೇಳುತ್ತೇನೆ. ಅವ್ವನ ತವರು ಗಡಿಯಾಚೆ, ಬೀದರ ಜಿಲ್ಲೆಯ ಔರಾದ ಕಡೆ. ನಮ್ಮ ರೂಢಿಯ ಪ್ರಕಾರ ಚೊಚ್ಚಲ ಹೆರಿಗೆ ತವರಿನಲ್ಲಿ. ನಾನು ಅಲ್ಲೇ ಹುಟ್ಟಿದೆ. ಅಜ್ಜಿ ನನ್ನನ್ನು ಬಿಟ್ಟುಕೊಡದೆ ಕೆಲವು ವರ್ಷ ಅಲ್ಲೇ ಇಟ್ಟುಕೊಂಡಳು. ಅಲ್ಲಿನ ಕನ್ನಡ ಶಾಲೆಗೆ ನನ್ನನ್ನು ಸೇರಿಸಿದವನು ಸೋದರಮಾವ. ತಾಯಿಯ ಹೆಸರೇನು ಎಂದು ಮಾಸ್ತರರು ಕೇಳಿದಾಗ, ಅವನು ತನ್ನ ಅಕ್ಕನನ್ನು ತಾನು ಕರೆಯುವ ಹೆಸರನ್ನೇ ಹೇಳಿದ. ಆಮೇಲೆ ನಾನು ಈಚೆ ಬಂದೆ, ಟಿ.ಸಿ.ಯೂ ನನ್ನ ಹಿಂದೆ ಬಂತು, ಅದರಲ್ಲಿದ್ದ ಹೆಸರು ಕ್ಲಾಸಿನಿಂದ ಕ್ಲಾಸಿಗೆ ಹತ್ತಿ ಹತ್ತನೆಯ ಮೆಮೊದವರೆಗೂ ಬಂದು ಕೂತಿತು. ಯಾರೂ ನೋಡಿರಲಿಲ್ಲ. ನೋಡಿದ್ದರೂ ಅದು ತಪ್ಪೆಂದು ನಮ್ಮಲ್ಲಿ ಯಾರಿಗೂ ಅನಿಸುತ್ತಿರಲಿಲ್ಲ.

ಮಾವನಿಗೆ ಫೋನು ಮಾಡಿ ನಾನು ಬಾಯಿಗೆ ಬಂದಂತೆ ಬೈದೆ. ಅವನು ಎಲ್ಲ ಕೇಳಿಸಿಕೊಂಡು, "ನಮ್ಮ ಅಕ್ಕಗ ನಾವು ಏನಂತ ಕರೀತೀವೋ ಅದೇ ಬರಸೀನಿ. ನಿಮ್ಮ ಮನ್ಯಾಗ ಇಟ್ಟ ಹೆಸರ ನನ್ನ ಬಾಯಾಗ ಬರಂಗಿಲ್ಲವ್ವ" ಎಂದ. ಅದೂ ನಿಜವೇ. ಅವನ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಲು ಆಗುತ್ತದೆ?

ಮೆಮೊ ತಿದ್ದಿಸಬೇಕೆಂದರೆ ಹೈದರಾಬಾದಿಗೆ ಹೋಗಬೇಕು, ಅದು ಬರುವಷ್ಟರಲ್ಲಿ ಕ್ಲಾಸು ಶುರುವಾಗಿ ಅರ್ಧ ವರ್ಷ ಆಗಿರುತ್ತದೆ. ಆಧಾರ್ ಬದಲಿಸೋಣವೆಂದರೆ ಅವ್ವನ ಸಂಬಳ ನಿಂತುಹೋಗುತ್ತದೆ. ಮ್ಯಾನೇಜರು ಇನ್ನೊಂದು ದಾರಿ ಹೇಳಿದರು. ಈ ಎರಡು ಹೆಸರೂ ಒಬ್ಬಳದೇ ಎಂದು ಮಂಡಲದ ತಹಸೀಲು ಆಫೀಸಿನಿಂದ ಒಂದು ಸರ್ಟಿಫಿಕೇಟು ತಂದರೆ ಸಾಕು, ಮಿಕ್ಕಿದ್ದು ತಾನು ನೋಡಿಕೊಳ್ಳುತ್ತೇನೆ ಎಂದರು. ಹೇಳುವಾಗ ಒಂದು ಮಾತು ಕುತೂಹಲಕ್ಕೆ ಕೇಳಿದರು. "ಎರಡರಲ್ಲಿ ನಿಮ್ಮ ನಿಜವಾದ ಹೆಸರು ಯಾವುದಮ್ಮಾ?"

ಅವ್ವ ಆಧಾರನ್ನು ಚೀಲಕ್ಕೆ ಹಾಕಿಕೊಂಡಳು. ಆಮೇಲೆ, "ಎರಡೂ ನಂದೇ ರಿ ಸಾಬ್. ಯಾವ್ದ ಹೆಸರಿಂದ ಕರದ್ರೂ ಓ ಅಂತೀನಿ" ಎಂದಳು.

ಕಂಗ್ಟಿಯ ಆಫೀಸಿನಲ್ಲಿ ಗಿರ್ದಾವರ ಸಾಹೇಬರು ಇದ್ದರು. ಹಳ್ಳಿಗೆ ಬಂದು ವಿಚಾರಣೆ ಮಾಡಿ ವರದಿ ಬರೆಯುವವರು ಅವರೇ. ವಯಸ್ಸಾದವರು, ಕನ್ನಡ ತೆಲುಗು ದಖನಿ ಮೂರನ್ನೂ ಕಲಸಿ ಮಾತಾಡುತ್ತಿದ್ದರು. ನಮ್ಮ ಕಥೆ ಕೇಳಿ ಅವರಿಗೇನೂ ಆಶ್ಚರ್ಯವಾಗಲಿಲ್ಲ. "ನಮ್ಮ ಮಂಡಲದಾಗ ಅರ್ಧಾ ಹೆಂಗಸ್ರು ಹಿಂಗೇ ಅದಾರ. ಖರೆ, ಬರೀಬೇಕಂದ್ರ ನಂಗ ಏನರ ಸಬೂತು ಬೇಕಲ್ಲವ್ವಾ. ಲಗ್ನಪತ್ರಿಕಿ ಅದ ಏನು?" ಎಂದರು.

ಲಗ್ನಪತ್ರಿಕೆ ಎಲ್ಲಿಂದ ತರುವುದು? ಅವ್ವನ ಮದುವೆಗೆ ಕಾರ್ಡೇ ಹಾಕಿಸಿರಲಿಲ್ಲ, ಮನೆ ಮನೆಗೆ ಹೋಗಿ ಬಾಯಲ್ಲಿ ಕರೆದಿದ್ದರು. ಫೋಟೋ ಇತ್ತು, ಫೋಟೋದಲ್ಲಿ ಹೆಸರು ಬರುತ್ತದೆಯೇ? ತವರಿನ ಪಂಚಾಯಿತಿಯಲ್ಲಿ ಕೇಳಿದರೆ, ಗಂಡನ ಮನೆಯ ಹೆಸರಿನವಳು ನಮ್ಮ ಊರಲ್ಲಿ ಯಾರೂ ಇಲ್ಲ ಎಂದರು. ನಮ್ಮೂರಲ್ಲಿ ಕೇಳಿದರೆ, ತವರಿನ ಹೆಸರು ನಮಗೆ ಗೊತ್ತೇ ಇಲ್ಲ ಎಂದರು. ಎರಡೂ ಕಡೆಯವರು ಸತ್ಯವನ್ನೇ ಹೇಳುತ್ತಿದ್ದರು. ಆ ಸತ್ಯದಿಂದ ನನಗೆ ಮೂರು ಕಾಸಿನ ಉಪಯೋಗವಿರಲಿಲ್ಲ.

ಅವತ್ತು ಮನೆಗೆ ಬಂದು ನಾನು ಅತ್ತೆ. ಅಳುತ್ತಲೇ ಅವ್ವನ ಮೇಲೆ ಹರಿಹಾಯ್ದೆ. "ಅವರು ಹೆಸರು ಬದಲಿ ಮಾಡ್ತೀವಿ ಅಂದಾಗ ನೀ ಬ್ಯಾಡ ಅನ್ಲಿಕ್ಕಿ ಏನಾಗಿತ್ತು?" ಎಂದು ಕೇಳಿದೆ.

"ನಂಗ ಯಾರ ಕೇಳ್ಯಾರ?" ಎಂದಳು ಅವ್ವ. ದನಿಯಲ್ಲಿ ಬೇಸರವಿರಲಿಲ್ಲ, ಬರೀ ಉತ್ತರ ಇತ್ತು. ಸ್ನಾನಕ್ಕೆ ನೀರು ಕಾಯಿಸಲು ಬಚ್ಚಲಿಗೆ ಹೋದಳು. ಹೋದವಳು ಬರಲೇ ಇಲ್ಲ. ಹುಣಸೆಹಣ್ಣು ಹಾಕಿ ಪಾತ್ರೆ ತಿಕ್ಕುವ ಸದ್ದು ಕೇಳಿಸಿತು. ಈ ಹೊತ್ತಿನಲ್ಲಿ ಯಾಕೆ ಪಾತ್ರೆ ತಿಕ್ಕುತ್ತಾಳೆ ಎಂದು ನೋಡಲು ಹೋದರೆ, ನಮ್ಮ ತಾಮ್ರದ ಹಂಡೆಯನ್ನು ಒಲೆಯಿಂದ ಇಳಿಸಿ ಅದರ ಕಂಠವನ್ನು ತಿಕ್ಕುತ್ತಿದ್ದಳು. ಮಸಿ ಹೋದ ಕಡೆ ಚುಕ್ಕಿ ಚುಕ್ಕಿ ಕೊರೆದ ಕನ್ನಡ ಅಕ್ಷರಗಳು ಕಾಣಿಸುತ್ತಿದ್ದವು. "ಓದು" ಎಂದಳು.

ಓದಿದೆ. ಅವ್ವನ ತವರಿನ ಹೆಸರು, ಜೊತೆಗೆ ಅಪ್ಪನ ಹೆಸರು, ಮದುವೆಯ ತಾರೀಖು, ಕೊಟ್ಟವರು ತವರಿನವರು ಎಂದು. ನಮ್ಮ ಕಡೆ ಮದುವೆಯಲ್ಲಿ ಯಾರು ಯಾವ ಪಾತ್ರೆ ಕೊಟ್ಟರೂ ಬಾಂಡೆ ಅಂಗಡಿಯಲ್ಲಿ ಹೀಗೆ ಹೆಸರು ಕೊರೆಸಿಯೇ ಕೊಡುವುದು. ನಾಳೆ ಯಾರೂ ಕೊಟ್ಟಿಲ್ಲ ಅನ್ನಬಾರದಲ್ಲ. ಅವ್ವ ಒಳಗೆ ಹೋಗಿ ಅಟ್ಟದ ಮೇಲಿನ ಹಿತ್ತಾಳೆಯ ಕೊಡ ತಂದಳು. ಅದು ಅಪ್ಪನ ಸೋದರತ್ತೆ ಕೊಟ್ಟದ್ದು. ಅದರ ಮೇಲೆ ತೆಲುಗು ಅಕ್ಷರ: ಅದೇ ತಾರೀಖು, ಅದೇ ಅಪ್ಪನ ಹೆಸರು, ಆದರೆ ಹೆಣ್ಣಿನ ಹೆಸರು ಹೊಸದು. ಗಂಡಿನ ಕಡೆಯವರು ಹೆಸರನ್ನು ಮೊದಲೇ ಗೊತ್ತುಮಾಡಿಕೊಂಡು ಕೊರೆಸಿ ತಂದಿದ್ದರು. ಒಂದೇ ದಿನ, ಒಬ್ಬನೇ ಗಂಡ, ಎರಡು ಹೆಸರು. ನನಗೆ ಅಳು ನಿಂತು ನಗು ಬಂತು.

ಗಿರ್ದಾವರ ಸಾಹೇಬರು ಆ ವಾರವೆಲ್ಲ ಬೇರೆ ಹಳ್ಳಿಗಳ ಕೆಲಸದಲ್ಲಿದ್ದರು. ಅವರು ಬರುವವರೆಗೆ ಕಾಯುವಷ್ಟು ಹೊತ್ತು ನಮಗಿರಲಿಲ್ಲ. ಹಾಗಾಗಿ ಹಂಡೆ, ಕೊಡ ಎರಡನ್ನೂ ಎತ್ತಿಕೊಂಡು ನಾವೇ ಕಂಗ್ಟಿಗೆ ಹೊರಟೆವು. ಹಂಡೆ ಅಂದರೆ ಸಣ್ಣದಲ್ಲ, ಒಬ್ಬರು ಕೂತು ಸ್ನಾನ ಮಾಡಬಹುದಾದಷ್ಟು ದೊಡ್ಡದು. ಬಸ್ಸಿನಲ್ಲಿ ಅದಕ್ಕೆ ಒಂದು ಸೀಟು ಬೇಕಾಯಿತು. ಕಂಡಕ್ಟರು ಬಂದು, "ಖಾಲಿ ಹಂಡೆ ತಗೊಂಡ ಎಲ್ಲಿಗಿ ಹೊಂಟೀರಿ ಅಕ್ಕಾ? ಲಗ್ಗೇಜ್ ಆಗ್ತದ ನೋಡ್ರಿ" ಎಂದ. ಅವ್ವ, "ಇದು ಲಗ್ಗೇಜ್ ಅಲ್ಲಪಾ, ಸಾಕ್ಷಿ" ಎಂದಳು. ಕಂಡಕ್ಟರಿಗೆ ಏನೂ ಅರ್ಥವಾಗಲಿಲ್ಲ. ಲಗೇಜಿನ ಟಿಕೀಟನ್ನಂತೂ ಹರಿದೇ ಕೊಟ್ಟ. ಹಿಂದಿನ ಸೀಟಿನ ಮುದುಕಿಯೊಬ್ಬಳು, "ಮಗಳ ಲಗ್ನಾ ಏನವ್ವಾ?" ಎಂದು ಕೇಳಿದಳು. ಅವ್ವ ಅಲ್ಲ ಅನ್ನಲಿಲ್ಲ. "ಮಗಳ ಕಾಲೇಜ್ ಅದ ಬಾಯಿ" ಎಂದಳು. ಮುದುಕಿ ಹಂಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

ಆಫೀಸಿನ ಜನ ಸುತ್ತ ನೆರೆದರು. ಗಿರ್ದಾವರ ಸಾಹೇಬರು ಕನ್ನಡಕ ಹಾಕಿಕೊಂಡು, ಹಂಡೆಯ ಕಂಠದ ಮೇಲೆ ಬೆರಳಾಡಿಸುತ್ತ ಕನ್ನಡ ಓದಿದರು, ಕೊಡವನ್ನು ಬೆಳಕಿಗೆ ತಿರುಗಿಸಿ ತೆಲುಗು ಓದಿದರು. ಮತ್ತೊಮ್ಮೆ ಎರಡೂ ಓದಿದರು. "ಸಬೂತು ಅಂದ್ರ ಇದಪಾ" ಎಂದು ಅಲ್ಲಿದ್ದವರಿಗೆ ಹೇಳಿದರು. ಆದರೂ ಪಾತ್ರೆಯ ಮೇಲಷ್ಟೇ ಆಗುವುದಿಲ್ಲ, ಎರಡೂ ಊರಿನ ಹಿರಿಯರ ಹೇಳಿಕೆ ಬೇಕು ಎಂದರು. ಮಾವ ಅವತ್ತೇ ಮೋಟರ್‌ಸೈಕಲ್ಲಿನ ಮೇಲೆ ತಮ್ಮೂರಿನ ಇಬ್ಬರು ಹಿರಿಯರನ್ನು ಕೂರಿಸಿಕೊಂಡು ಬಂದ, ನಮ್ಮೂರಿನ ಸರಪಂಚರು ಬಂದರು. ಪಂಚನಾಮೆ ಬರೆದರು. ತಾಮ್ರದ ಹಂಡೆಯ ಮೇಲೆ ಇಂಥ ಬರಹ, ಹಿತ್ತಾಳೆಯ ಕೊಡದ ಮೇಲೆ ಇಂಥ ಬರಹ, ಇಬ್ಬರೂ ಒಬ್ಬಳೇ ಎಂದು. ಅವ್ವ ಕೊನೆಯಲ್ಲಿ ಸಹಿ ಮಾಡಬೇಕಾದಾಗ ಪೆನ್ನು ಹಿಡಿದು, "ಯಾವ್ದು ಮಾಡ್ಲಿ?" ಎಂದು ಕೇಳಿದಳು. ಸಾಹೇಬರು ನಕ್ಕು, "ಇವತ್ತ ಎರಡೂ ಮಾಡವ್ವಾ" ಎಂದರು. ಅವ್ವ ಎರಡನ್ನೂ ಒಂದರ ಕೆಳಗೊಂದು ಬರೆದಳು.

ಸರ್ಟಿಫಿಕೇಟು ಬಂತು, ಅದನ್ನು ನೋಡಿ ಮ್ಯಾನೇಜರು ಮಂಜೂರಿ ಪತ್ರ ಕೊಟ್ಟರು. ಅದನ್ನು ಎದೆಗೆ ಒತ್ತಿಕೊಂಡೇ ಜಹೀರಾಬಾದಿನ ಬಸ್ಸು ಹತ್ತಿದೆ. ಸೀಟು ನನ್ನದೇ ಆಯಿತು. ಕಾಯುತ್ತಿದ್ದ ಹುಡುಗಿಗೂ ಆಮೇಲೆ ಬೇರೆ ಯಾರೋ ಬಿಟ್ಟ ಸೀಟು ಸಿಕ್ಕಿತು. ಹಾಸ್ಟೆಲಿನಲ್ಲಿ ಅವಳ ಮಂಚ ನನ್ನ ಮಂಚದ ಪಕ್ಕದಲ್ಲಿತ್ತು. ಒಳ್ಳೆಯವಳು. ಅವಳಿಗೆ ಇವತ್ತಿಗೂ ಈ ಸಿಟ್ಟಿನ ವಿಷಯ ಹೇಳಿಲ್ಲ.

ಓದು ಮುಗಿದ ಮೇಲೆ ತಾಂಡೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಕಲ್ಲಿನ ಗಣಿಯಲ್ಲಿ ಕೈಕಾಲು ಜಜ್ಜಿಸಿಕೊಂಡವರು, ಪಾಲಿಶ್ ಮಷೀನಿನ ಧೂಳು ಕುಡಿದು ಕೆಮ್ಮುವವರು, ಹೆರಿಗೆಗೆ ಬಂದವರು. ತೆಲುಗಿನವರು, ಉರ್ದುವಿನವರು, ನಮ್ಮ ಹಾಗೆ ಮನೆಯಲ್ಲಿ ಕನ್ನಡ ಆಡುವವರು. ಸೂಜಿ ಚುಚ್ಚುವಾಗ ಯಾರು ಯಾವ ಭಾಷೆಯಲ್ಲಿ ಅವ್ವಾ ಅನ್ನುತ್ತಾರೋ ಆ ಭಾಷೆಯಲ್ಲಿ ಸಮಾಧಾನ ಹೇಳುವುದು ನನಗೆ ಬೇಗ ಬಂತು. ಬ್ಯಾಂಕು ಕೊಟ್ಟಿದ್ದ ಒಂದು ವರ್ಷದ ಬಿಡುವು ಮುಗಿದು ಕಂತು ಶುರುವಾಯಿತು.

ಕಂತು ಶುರುವಾದಂತೆ ಊರಿನ ಉಪದೇಶವೂ ಶುರುವಾಯಿತು. ಎಲ್ಲರಿಗಿಂತ ಮುಂದೆ ಕಾಕಾ. ನಾನು ಹಬ್ಬಕ್ಕೆ ಹೋದಾಗ ಕಟ್ಟೆಯ ಮೇಲೆ ಕೂತು, "ಸರ್ಕಾರದ ಸಾಲ ಯಾರ ಕಟ್ತಾರ, ಹುಚ್ಚಿ? ಇನ್ನೊಂದು ಇಲೆಕ್ಷನ್ ತಡಿ, ಮಾಫ್ ಆಗ್ತದ" ಎಂದ.

ನನಗೆ ಎಲ್ಲಿತ್ತೋ ಸಿಟ್ಟು ಉಕ್ಕಿ ಬಂತು. ಆದರೆ ನಾನು ಬಾಯಿ ತೆರೆಯುವ ಮೊದಲೇ ಅವ್ವ ಒಳಗಿಂದ, "ಮಾಫ್ ಮಾಡ್ಲಿಕ್ಕಿ ನಾವೇನ ತಪ್ಪ ಮಾಡೀವಿ? ಓದೀವಿ, ಕಟ್ತೀವಿ" ಎಂದಳು. ಕಾಕಾ ಚಹಾದ ಕಪ್ಪು ಕೆಳಗಿಟ್ಟು ಮಳೆಯ ಮಾತು ತೆಗೆದ.

ಸಾಲದಲ್ಲಿ ಅವ್ವನೂ ಪಾಲುದಾರಳಾದ್ದರಿಂದ ಬ್ಯಾಂಕಿನ ಮೆಸೇಜು ಅವಳ ಫೋನಿಗೂ ಬರುತ್ತಿತ್ತು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಅಂಗನವಾಡಿಯ ಟೀಚರಮ್ಮನಿಂದ ಓದಿಸಿಕೊಂಡು ನನಗೆ ಫೋನು ಮಾಡುತ್ತಿದ್ದಳು: "ಕಂತು ಹೋಗ್ಯಾದಂತ. ಊಟ ಆತೇನು?" ತಿಂಗಳು ತಿಂಗಳೂ ಈ ಎರಡು ವಾಕ್ಯ ಜೊತೆಯಾಗಿಯೇ ಬರುತ್ತಿದ್ದವು. ಒಮ್ಮೆ ಆಸ್ಪತ್ರೆಯಲ್ಲಿ ಸಂಬಳ ತಡವಾಯಿತು, ಖಾತೆಯಲ್ಲಿ ಹಣವಿರಲಿಲ್ಲ. ನಾನು ಹೇಳಲಿಲ್ಲ, ಹೇಳಿದರೆ ಅವಳು ಗಾಬರಿಯಾಗುತ್ತಾಳೆ ಎಂದು. ಆ ತಿಂಗಳೂ ಫೋನು ಬಂತು. "ಹಣ ಇಲ್ಲಂತ ಬಂದಿತ್ತು. ನಾ ನಾರಾಯಣಖೇಡಕ್ಕ ಹೋಗಿ ಕಟ್ಟಿ ಬಂದೀನಿ. ಊಟ ಆತೇನು?" ಎಂದಳು. ಆತು ಎಂದೆ. ಅವತ್ತು ಊಟ ಮಾಡಿಯೇ ಇರಲಿಲ್ಲ.

ಸಾಲ ಇನ್ನೂ ಅರ್ಧ ಇರುವಾಗ ನನ್ನ ಮದುವೆ ಗೊತ್ತಾಯಿತು. ಹುಡುಗ ತಾಂಡೂರಿನವನೇ, ಕಲ್ಲಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ನೋಡಲು ಬಂದಾಗ ನಾನೇ ಮೊದಲು ಹೇಳಿದೆ. ಓದಿಗೆ ಸಾಲ ಮಾಡಿದ್ದೇನೆ, ಮದುವೆಯಾದ ಮೇಲೂ ನನ್ನ ಸಂಬಳದಿಂದ ನಾನೇ ಕಟ್ಟುತ್ತೇನೆ, ಒಪ್ಪಿಗೆ ಇಲ್ಲದಿದ್ದರೆ ಈಗಲೇ ಚಹಾ ಕುಡಿದು ಎದ್ದುಬಿಡಬಹುದು ಎಂದೆ. ಅಪ್ಪ ಹಣೆಗೆ ಕೈ ಹಚ್ಚಿಕೊಂಡ. ಹುಡುಗ, "ನನ್ನ ಗಾಡಿದೂ ಕಂತು ಅದ. ಇಬ್ರೂ ಕೂಡೇ ಕಟ್ಟಿದ್ರ ಆತು" ಎಂದ. ಅವತ್ತೇ ನನಗೆ ಅವನು ಇಷ್ಟವಾದ.

ಮದುವೆ ಜಹೀರಾಬಾದಿನ ಒಂದು ಫಂಕ್ಷನ್ ಹಾಲಿನಲ್ಲಿ ಆಯಿತು. ತಾಳಿ ಕಟ್ಟಿದ್ದಾಯಿತು, ಅಕ್ಷತೆ ಬಿದ್ದಿತು. ಆಮೇಲೆ ನಮ್ಮ ಅತ್ತಿ, ಅಂದರೆ ನನ್ನ ಗಂಡನ ತಾಯಿ, ತಟ್ಟೆಯ ತುಂಬ ಅಕ್ಕಿ ಹರವಿಕೊಂಡು ಬಂದರು. ಅತ್ತಿ ದೊಡ್ಡ ದನಿಯವರು, ಹಾಲಿನ ಆ ತುದಿಯಲ್ಲಿ ಮಾತಾಡಿದರೆ ಈ ತುದಿಯಲ್ಲಿ ಕೇಳುತ್ತದೆ. ಮಗನ ಬೆರಳಿಗೆ ಉಂಗುರ ತೊಡಿಸಿ, "ಬರೀ, ನಾ ಹೇಳ್ತೀನಿ" ಎಂದರು.

ನನಗೆ ನೆನಪಾದದ್ದು ಹಂಡೆ, ಬಸ್ಸು, ಪಂಚನಾಮೆ. ನನ್ನ ಸರ್ಟಿಫಿಕೇಟು, ನರ್ಸಿಂಗ್ ರಿಜಿಸ್ಟ್ರೇಷನ್ನು, ಸಂಬಳ, ಸಾಲ ಎಲ್ಲ ಇದ್ದುದು ನನ್ನ ಹೆಸರಿನಲ್ಲಿ. ಬೇಡ ಅನ್ನಬೇಕು ಎಂದು ಬಾಯಿಯವರೆಗೆ ಬಂತು. ಹೊಸ ಮದುಮಗಳು, ಅಷ್ಟು ಜನರ ನಡುವೆ, ನಾಲಿಗೆ ಏಳಲಿಲ್ಲ. ಬೈಯಲು ಎಂದೂ ಹಿಂದೆಮುಂದೆ ನೋಡದವಳು ನಾನು, ಆ ಹೊತ್ತಿನಲ್ಲಿ ಮೂಕಿಯಾಗಿ ಕೂತೆ.

ಆಗ ನನ್ನ ಹಿಂದಿನಿಂದ ಅವ್ವ ಮಾತಾಡಿದಳು. ಅವಳ ದನಿ ದೊಡ್ಡದಲ್ಲ, ಆದರೂ ಎಲ್ಲರಿಗೂ ಕೇಳಿಸಿತು.

"ಬೀಗತೇರ, ಸಿಟ್ಟಾಗಬ್ಯಾಡ್ರಿ. ಆ ಹೆಸರಿನ ಮ್ಯಾಲ ಬ್ಯಾಂಕಿನ ಸಾಲ ಅದ. ಸಾಲ ತೀರೋತನಾ ಅದು ಬದಲಿ ಮಾಡ್ಲಿಕ್ಕಿ ಬರಂಗಿಲ್ಲರಿ."

ಹಾಗೊಂದು ಕಾನೂನು ಇದೆಯೋ ಇಲ್ಲವೋ ಯಾರಿಗೆ ಗೊತ್ತು? ಅತ್ತಿ ಅವ್ವನ ಮುಖ ನೋಡಿದರು, ನನ್ನ ಮುಖ ನೋಡಿದರು, ತಟ್ಟೆಯನ್ನು ಕೆಳಗಿಟ್ಟು ಜೋರಾಗಿ ನಕ್ಕುಬಿಟ್ಟರು. "ಕೇಳಿದ್ರೇನ್ರಿ? ನಮ್ಮ ಸೊಸಿ ಹೆಸರ ಬ್ಯಾಂಕಿನ್ಯಾಗ ಗಿರವಿ ಅದಂತ. ಇರ್ಲಿ, ಬಿಡಿಸ್ಕೊಂಡ ಬರ್ಲಿ. ನಾ ಇಟ್ಟ ಹೆಸರ ಏನು ಕೆಟ್ಟ ಹೋಗಂಗಿಲ್ಲ" ಎಂದರು. ಜನವೂ ನಕ್ಕಿತು. ಮೂಲೆಯಲ್ಲಿದ್ದ ಕಾಕಾ ಮಾತ್ರ, ಬ್ಯಾಂಕಿನವರು ಹೆಸರನ್ನೂ ಅಡವಿಟ್ಟುಕೊಳ್ಳುತ್ತಾರಾ ಎಂದು ಪಕ್ಕದವನನ್ನು ಗಾಬರಿಯಿಂದ ಕೇಳುತ್ತಿದ್ದ.

ಅಂದಿನಿಂದ ಅದು ಅತ್ತಿಯ ಕಾಯಂ ತಮಾಷೆಯಾಯಿತು. ಯಾರಾದರೂ ಮನೆಗೆ ಬಂದರೆ, "ಇಕಿ ನಮ್ಮ ಗಿರವಿ ಹೆಸರಿನ ಸೊಸಿ" ಎನ್ನುವುದು. ದೀಪಾವಳಿಗೊಮ್ಮೆ, "ಎಲ್ಲಿತನಾ ಬಂತು ನಿನ್ನ ಸಾಲ? ನನ್ನ ಹೆಸರ ತಯಾರ ಅದ" ಎಂದು ಕೇಳುವುದು. ಯಾವ ಹೆಸರು ಅತ್ತಿ ಎಂದರೆ ಹೇಳುತ್ತಿರಲಿಲ್ಲ. ನನಗೆ ನಗು ಬರುತ್ತಿತ್ತು, ಜೊತೆಗೆ ಒಳಗೊಳಗೇ ಅಂಜಿಕೆಯೂ ಇತ್ತು. ಸಾಲ ಕರಗುತ್ತ ಬಂದಷ್ಟೂ ಅಂಜಿಕೆ ಹೆಚ್ಚಾಯಿತು. ಕೊನೆಯ ಕಂತನ್ನು ಬೇಕೆಂದೇ ಬಾಕಿ ಇಟ್ಟುಕೊಂಡರೆ ಹೇಗೆ ಎಂದು ಒಂದು ದಿನ ಯೋಚಿಸಿದೆ ಕೂಡ. ಸಾಲ ತೀರಿಸಲು ಹೆದರಿದವಳು ನಮ್ಮ ಜಿಲ್ಲೆಯಲ್ಲೇ ನಾನೊಬ್ಬಳಿರಬೇಕು. ಆದರೆ ಕಟ್ಟುವುದಾಗಿ ಹೇಳಿದ್ದು ಅವ್ವ, ಅವಳ ಮಾತು ತಪ್ಪಿಸಲು ನನಗೆ ಮನಸ್ಸಾಗಲಿಲ್ಲ.

ಹೋದ ಬೇಸಿಗೆಯಲ್ಲಿ ಕೊನೆಯ ಕಂತು ಹೋಯಿತು. ಅವ್ವ ಮತ್ತು ನಾನು ನಾರಾಯಣಖೇಡದ ಬ್ಯಾಂಕಿಗೆ ಹೋಗಿ ಸಾಲ ತೀರಿದ ಪತ್ರ ತಂದೆವು. ಆ ಮ್ಯಾನೇಜರು ಯಾವಾಗಲೋ ವರ್ಗವಾಗಿದ್ದರು. ಈಗಿನ ಮೇಡಂ ಹಳೆಯ ಫೈಲು ತೆಗೆದು ಪಂಚನಾಮೆ ಓದಿ, "ಹಂಡೆಯಾ?" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಅವ್ವ ಹೌದೆಂದು ತಲೆಯಾಡಿಸಿದಳು. ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ. ಅಲ್ಲಿಂದ ಜಹೀರಾಬಾದಿನ ಮೇಲೆ ಹಾದು ಇಬ್ಬರೂ ತಾಂಡೂರಿಗೆ ಬಂದೆವು. ಅವ್ವನನ್ನು ನಾನೇ ಒತ್ತಾಯ ಮಾಡಿ ಕರೆತಂದಿದ್ದೆ. ಯಾಕೆ ಎಂದು ಅವಳು ಕೇಳಲಿಲ್ಲ, ಅವಳಿಗೆ ಗೊತ್ತಿತ್ತು.

ಅತ್ತಿ ಬಾಗಿಲಲ್ಲೇ ಕಾಯುತ್ತಿದ್ದರು. ಪತ್ರವನ್ನು ದೇವರ ಮುಂದೆ ಇಡಿಸಿದರು. ನಮಗೆ ಊಟ ಹಾಕಿದರು. ಊಟವಾದ ಮೇಲೆ ಒಳಗೆ ಹೋಗಿ ತಟ್ಟೆಯಲ್ಲಿ ಅಕ್ಕಿ ಹರವಿಕೊಂಡು ಬಂದು ನನ್ನ ಮುಂದೆ ಇಟ್ಟರು. ಈ ಸಲ ಮೂಕಿಯಾಗುವುದಿಲ್ಲ ಎಂದು ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. "ಅತ್ತಿ, ನಂಗ ನನ್ನ ಹೆಸರೇ ಇರ್ಲಿರಿ" ಎಂದೆ.

ಅವರು ನನ್ನ ಮಾತು ಕೇಳಿಸದವರಂತೆ ಒಂದು ಹೆಸರು ಹೇಳಿದರು. ಹಳೆಯ ಕಾಲದ, ಚೆಂದದ ಹೆಸರು. ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನನ್ನ ಗಂಡ, "ಯಾರದವ್ವಾ ಇದು?" ಎಂದ.

"ನಂದು" ಎಂದರು ಅತ್ತಿ. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು. "ತವರಿನಾಗ ಇಟ್ಟಿದ್ದು. ಲಗ್ನದ ದಿನಾ ಹೋತು. ನಮ್ಮವ್ವ ಇರೋತನಾ ಅಕಿ ಒಬ್ಬಾಕಿ ಕರೀತಿದ್ಳು, ಅಕಿ ಹೋದಮ್ಯಾಲ ಯಾರೂ ಕರದಿಲ್ಲ. ಸುಮ್ಮ ಹಾಳಾಗ್ತದಲ್ಲ ಅಂತ ಸೊಸಿಗಿ ಇಡಬೇಕಂದಿದ್ದೆ. ನಿಂಗ ಬ್ಯಾಡಂದ್ರ ಬ್ಯಾಡ."

ನನ್ನ ಗಂಡ ತಾಯಿಯನ್ನೇ ನೋಡುತ್ತಿದ್ದ. ಇಷ್ಟು ವರ್ಷದಲ್ಲಿ ಅವನು ಅದನ್ನು ಕೇಳಿಯೇ ಇರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚಿಕೊಳ್ಳಲೂ ಹೋಗಲಿಲ್ಲ. ಅವ್ವ ಎದ್ದು ಬಂದು ತಟ್ಟೆಯನ್ನು ನನ್ನ ಮುಂದಿನಿಂದ ಸರಿಸಿ ಅತ್ತಿಯ ಮುಂದೆ ಇಟ್ಟಳು. "ಇದು ನಿಮ್ದೇ ಅದರಿ ಬೀಗತಿ. ನೀವೇ ಬರಕೋರಿ" ಎಂದಳು.

"ನಂಗೆಲ್ಲಿ ಬರೀಲಿಕ್ಕಿ ಬರ್ತದ?" ಎಂದರು ಅತ್ತಿ.

ನಾನು ಅವರ ಬೆರಳು ಹಿಡಿದು ಬರೆಸಿದೆ. ಬೆರಳು ಒರಟಾಗಿತ್ತು. ಬರೆದು ಮುಗಿದ ಮೇಲೆ ಅವರು ಬಹಳ ಹೊತ್ತು ನೋಡಿದರು. "ಇಷ್ಟ ಉದ್ದ ಅದೇನು?" ಎಂದು ಕೇಳಿದರು. ಹೌದು ಎಂದೆ. ಸಂಜೆಯ ಅಡಿಗೆಗೆ ಆ ಅಕ್ಕಿ ತೆಗೆಯಲು ಹೋದರೆ, ನಾಳೆ ಮಾಡಿದರಾಯಿತು, ಇವತ್ತು ಇರಲಿ ಎಂದು ಅದರ ಮೇಲೆ ಒಂದು ಬುಟ್ಟಿ ಮುಚ್ಚಿದರು.

ಸಂಜೆ ಅವ್ವ ಊರಿಗೆ ಹೊರಟಳು. ಅತ್ತಿ ಅಡಿಗೆಮನೆಯಲ್ಲಿ ಅವಳಿಗೆ ಬುತ್ತಿ ಕಟ್ಟುತ್ತಿದ್ದರು. ಅವ್ವ ಹೊಸ್ತಿಲ ಹತ್ತಿರ ಚಪ್ಪಲಿ ಮೆಟ್ಟಿಕೊಂಡು, ಬೀಗತಿ ಅನ್ನಲಿಲ್ಲ, ಒಬ್ಬ ಗೆಳತಿ ಇನ್ನೊಬ್ಬಳನ್ನು ಕರೆಯುವ ಹಾಗೆ ಆ ಹೆಸರು ಹಿಡಿದು ಗಟ್ಟಿಯಾಗಿ ಕರೆದಳು.

ಅತ್ತಿ ಒಳಗಿನಿಂದ ಓ ಅಂದರು.